ಹುಣಸೆ ಬೀಜದ ಸಾಲು

ತಿಪಟೂರಿನ ಸೂಪರ್‌ಮಾರ್ಕೆಟ್ಟಿಗೆ ವರ್ಗವಾಗಿ ಬಂದ ಮ್ಯಾನೇಜರ್ ಕೇಶವಮೂರ್ತಿ, ಕಂಪ್ಯೂಟರಿನಲ್ಲಿ ಗಿರಾಕಿಗಳ ಬದಲು ಚುಕ್ಕಿಗಳನ್ನು ಸಾಲಾಗಿ ನಿಲ್ಲಿಸಿ, ಬಿಲ್ಲಿಂಗ್ ಸಾಲು ಏಕೆ ಬೆಳೆಯುತ್ತದೆಂದು ಅಂಗಡಿ ಓಡಿಸಿ ನೋಡಿದ. ಆಮೇಲೆ ಬಿಲ್ಲಿಂಗ್ ಕೌಂಟರಿನ ಪುಟ್ಟತಾಯಮ್ಮನ ಮುಂದೆ ಬಂದು ಗುಡುಗಿದ.

"ನೀವು ಮಾತಾಡ್ತಾ ಕೂರೋದಕ್ಕೇ ಸಾಲು ಬೆಳೀತಿರೋದು. ಇನ್ಮೇಲೆ ಮಾತಾಡಿದ್ರೆ ಕೆಲಸ ಇಲ್ಲ!"

ಪುಟ್ಟತಾಯಮ್ಮ ಡ್ರಾಯರಿನಿಂದ ಹುಣಸೆ ಬೀಜ ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು.

"ನಾನೂ ಓಡಿಸಿ ನೋಡಿದೀನಿ ಸರ್. ಈ ಬೀಜ ರುದ್ರಯ್ಯ ಮೇಷ್ಟ್ರು. ಮನೇಲಿ ಒಬ್ರೇ. ಬೆಳಿಗ್ಗೆ ಉಪ್ಪಿಗೆ ಬರ್ತಾರೆ, ಮಧ್ಯಾಹ್ನ ಬೆಂಕಿಪೊಟ್ಟಣಕ್ಕೆ, ಸಂಜೆ ಬಿಸ್ಕತ್ತಿಗೆ. ನಿಮ್ಮ ಕಂಪ್ಯೂಟರಿಗೆ ಅವರು ಮೂರು ಜನ. ನಾನು ಐದು ನಿಮಿಷ ಮಾತಾಡಿಸಿದ ದಿನ ಮೂರನ್ನೂ ಒಂದೇ ಸಲ ತಗೊಂಡು ಹೋಗ್ತಾರೆ. ಇಂಥವರು ಹದಿನಾರು ಜನ ಇದಾರೆ. ಮಾತು ನಿಲ್ಲಿಸಿದ್ರೆ ಸಾಲು ಬೀದಿಗೆ ಬರುತ್ತೆ."

ಮ್ಯಾನೇಜರ್ ಬೀಜ ಎಣಿಸಿದ. "ಹದಿನೇಳು ಇವೆಯಲ್ಲ?"

"ಕೊನೇದು ನೀವು ಸರ್. ಈ ಊರಲ್ಲಿ ನಿಮಗೂ ಯಾರೂ ಇಲ್ಲ. ಬೆಳಗಿನಿಂದ ನನ್ನ ಬೈಯೋಕೆ ಇದು ನಾಲ್ಕನೇ ಸಲ ಬರ್ತಿರೋದು."

ಪುಟ್ಟತಾಯಮ್ಮ ಸ್ಟೂಲು ಸರಿಸಿದರು.

"ಕೂತ್ಕೊಳ್ಳಿ. ತಿಂಡಿ ಆಯ್ತಾ?"