ತೊಡೆಯ ಕೆಳಗಿನ ಕೈ

“ಗುರುಗಳೇ, ಮಕ್ಕಳಿಗೆ ಚದುರಂಗ ಕಲಿಸುವುದನ್ನು ನಿಲ್ಲಿಸಿಬಿಡಲೇ?” ಎಂದು ಶಿಷ್ಯ ಕೇಳಿದ.

ಅವನು ಊರ ಶಾಲೆಯಲ್ಲಿ ಪಾಠ ಹೇಳುತ್ತಿದ್ದ. ಬಿಡುವಿನಲ್ಲಿ ಮಕ್ಕಳನ್ನು ಚದುರಂಗದ ಮಣೆಯ ಮುಂದೆ ಕೂರಿಸುತ್ತಿದ್ದ. ಈಗ ಹೆತ್ತವರು ತಕರಾರು ತೆಗೆದಿದ್ದರು. “ಧೈರ್ಯವಾಗಿದ್ದ ಮಕ್ಕಳು ಈಗ ಒಂದು ಕಾಯಿ ಮುಟ್ಟಲೂ ಹೆದರುತ್ತವೆ, ಕೈ ನಡುಗುತ್ತದೆ. ಈ ಆಟ ನಮ್ಮ ಮಕ್ಕಳನ್ನು ಪುಕ್ಕಲು ಮಾಡಿತು ಅನ್ನುತ್ತಾರೆ. ನನಗೂ ಹಾಗೇ ಅನ್ನಿಸಿ ಭಯವಾಗಿದೆ” ಎಂದ.

“ಭಯವಾಯಿತೇ? ಒಳ್ಳೆಯದಾಯಿತು, ಕೂತುಕೋ” ಎಂದು ಗುರುಗಳು ಕತೆಗೆ ತೊಡಗಿದರು.

ಒಬ್ಬ ಅಂಬಿಗನಿದ್ದ. ಹರಿಗೋಲಿನಲ್ಲಿ ಜನರನ್ನು ಹೊಳೆ ದಾಟಿಸುವುದು ಅವನ ಕಸುಬು. ಜನ ಕೂಡುವ ತನಕ ದಡದ ಹಾಸುಗಲ್ಲಿನ ಮೇಲೆ ಇದ್ದಿಲಿನಿಂದ ಮನೆಗಳನ್ನು ಗೀಚಿ ಮಗಳೊಡನೆ ಚದುರಂಗ ಆಡುತ್ತಿದ್ದ. ಮಗಳೆಂದು ರಿಯಾಯಿತಿ ಇರಲಿಲ್ಲ. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು, ನಡೆಸಿದ್ದನ್ನು ಹಿಂದಕ್ಕೆ ತೆಗೆಯುವಂತಿಲ್ಲ. ಹುಡುಗಿ ಮೊದಮೊದಲು ಕಂಡ ಕಾಯಿಗೆಲ್ಲ ಕೈಹಾಕಿ ಸೋತಳು, ಸೋತು ಅತ್ತಳು. ಆಮೇಲೆ ಒಂದು ಅಭ್ಯಾಸ ಮಾಡಿಕೊಂಡಳು. ಸರದಿ ಬಂದ ಕೂಡಲೇ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತುಬಿಡುವಳು. ತಾನು ಹೀಗೆ ನಡೆದರೆ ಅಪ್ಪ ಹೇಗೆ ನಡೆದಾನು ಎಂದು ಕಾಯಿಗಳನ್ನೇ ನೋಡುವಳು.

“ಕೈಗೆ ಚಳಿಯೇನೇ?” ಎಂದು ಅಂಬಿಗ ರೇಗಿಸುತ್ತಿದ್ದ. ಒಳಗೊಳಗೆ ಅವನಿಗೆ ಚಿಂತೆ ಹತ್ತಿತ್ತು. ಕಾಯಿ ಮುಟ್ಟಲು ಹೆದರುವವಳು ನಾಳೆ ತುಂಬಿದ ಹೊಳೆಯಲ್ಲಿ ಹುಟ್ಟು ಹಾಕಿಯಾಳೇ? ಮಳೆಗಾಲ ಕಳೆಯಲಿ, ಈ ಆಟ ಬಿಡಿಸುತ್ತೇನೆ ಅಂದುಕೊಂಡ.

ಮಳೆಗಾಲ ಇನ್ನೂ ಕಳೆದಿರಲಿಲ್ಲ. ಹೊಳೆ ಕೆಂಪಗೆ ಹರಿಯುತ್ತಿದ್ದ ಒಂದು ದಿನ ನಡುನೀರಿನಲ್ಲಿ ಹರಿಗೋಲು ಗಿರ್ರನೆ ತಿರುಗಿತು. ಅಂಬಿಗ ಆಯ ತಪ್ಪಿ ನೀರಿಗೆ ಬಿದ್ದ. ಹರಿಗೋಲಿನಲ್ಲಿ ಮಗಳು, ಹುಟ್ಟು ಮತ್ತು ದಾಟುವ ಜನ ಉಳಿದರು.

ಅಂಬಿಗ ಈಜು ಬಲ್ಲವನೇ. ಆದರೂ ಸೆಳವು ಅವನನ್ನು ಹೊಳೆಯ ನಡುವಿನ ಬಂಡೆಯ ಕಡೆಗೆ ಎಳೆಯಿತು. “ಅತ್ತ ನಡೆಸೇ ಹುಡುಗಿ, ನಿಮ್ಮಪ್ಪ ಹೋಗ್ತಾನೆ” ಎಂದು ಜನ ಕೂಗಿದರು. ಅವನು ತಲೆಯೆತ್ತಿ ನೋಡಿದ. ಮಗಳು ಎರಡೂ ಕೈ ತೊಡೆಯ ಕೆಳಗೆ ಒತ್ತಿಕೊಂಡು ನೀರನ್ನೇ ನೋಡುತ್ತ ಕೂತಿದ್ದಳು.

ಹೊಳೆಗೆ ಹೆದರಿದ್ದಕ್ಕಿಂತ ಹೆಚ್ಚಾಗಿ ಅವನು ಆ ಕೈಗಳಿಗೆ ಹೆದರಿದ. ಮಗುವನ್ನು ನಾನೇ ಕೆಡಿಸಿದೆ, ನನ್ನ ಜೊತೆ ಇವರೂ ಹೋಗುತ್ತಾರೆ ಅಂದುಕೊಂಡ. ಮತ್ತೆ ನೋಡಿದಾಗ ಅವಳು ಹುಟ್ಟು ಹಿಡಿದಿದ್ದಳು. ಆದರೆ ಹರಿಗೋಲು ಅವನತ್ತ ಬರಲಿಲ್ಲ. ಅವನನ್ನು ಬಿಟ್ಟು ಬಂಡೆಯ ಆಚೆ ಬದಿಗೆ ಹೊರಟುಹೋಯಿತು.

ನೀರು ಅವನನ್ನು ಮುಳುಗಿಸಿತು, ಬಂಡೆಯನ್ನು ಸುತ್ತಿಸಿ ಅದರ ಆಚೆಗೆ ಮೇಲೆತ್ತಿತು. ಅಲ್ಲಿ ಅವನ ಕೈಗೆ ಹುಟ್ಟು ತಾಗಿತು. ಹೊಳೆ ಅಪ್ಪನನ್ನು ಎಲ್ಲಿಗೆ ತರುತ್ತದೋ ಅಲ್ಲಿಗೆ ಮಗಳು ಮೊದಲೇ ಬಂದಿದ್ದಳು. ನೇರವಾಗಿ ಅವನ ಬೆನ್ನು ಹತ್ತಿದ್ದರೆ ಹರಿಗೋಲು ಬಂಡೆಗೆ ಬಡಿದು ಯಾರೂ ಉಳಿಯುತ್ತಿರಲಿಲ್ಲ.

ದಡ ಸೇರಿ ಉಸಿರು ಬಂದ ಮೇಲೆ ಅಂಬಿಗ ಕೇಳಿದ. “ನಾನು ಸಾಯುತ್ತಿದ್ದೆನಲ್ಲೇ. ಸುಮ್ಮನೆ ಕೂತಿದ್ದೆಯಲ್ಲ, ನಿನಗೆ ಭಯವಾಗಲಿಲ್ಲವೇ?”

ಹುಡುಗಿ ಅಂಗೈ ತೋರಿಸಿದಳು. ಹರಿಗೋಲಿನ ಬಿದಿರಿನ ಹೆಣಿಗೆ ಚರ್ಮದೊಳಗೆ ಒತ್ತಿ ರಕ್ತ ಜಿನುಗುತ್ತಿತ್ತು.

“ಆಗಿತ್ತಪ್ಪ. ಅದಕ್ಕೇ ಕೈಯ ಮೇಲೆ ಕೂತೆ” ಅಂದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, “ಆದರೂ ನನ್ನ ಮಕ್ಕಳ ಕೈ ನಡುಗುತ್ತದಲ್ಲ” ಎಂದು ಮೆಲ್ಲಗೆ ಅಂದ.

“ನಡುಗುವ ಕೈಯನ್ನು ಅವು ಎಲ್ಲಿಟ್ಟುಕೊಳ್ಳುತ್ತವೆ, ಒಮ್ಮೆಯಾದರೂ ನೋಡಿದ್ದೀಯಾ?” ಎಂದು ಗುರುಗಳು ಕೇಳಿದರು.

ಮರುದಿನ ಬಿಡುವಿನಲ್ಲಿ ಶಿಷ್ಯ ಚದುರಂಗದ ಮಣೆ ಇಟ್ಟು, ಮಕ್ಕಳ ಕೈಗಳನ್ನೇ ನೋಡುತ್ತ ಕೂತ.