ಮಣಿಯದ ಕಂಬಿ

ದೇಚಮ್ಮನ ಕಾರು ತಿರುವುಗಳಲ್ಲಿ ವಾಲುತ್ತಿತ್ತು. ಅದನ್ನು ತಡೆಯಲು ಅವಳು ಹಿಂದಿನ ಚಕ್ರಗಳ ನಡುವೆ ದಪ್ಪನೆಯ ಹೊಸ ಉಕ್ಕಿನ ಕಂಬಿಯೊಂದನ್ನು ಹಾಕಿಸಿದಳು. ಮುಂದಿನ ಚಕ್ರಗಳ ನಡುವೆ ಹಳೆಯ ತೆಳು ಕಂಬಿಯೇ ಉಳಿಯಿತು.

"ತಿರುವು ಬಂದಾಗಲೆಲ್ಲ ಮಣಿಯುತ್ತೀಯಲ್ಲ, ನಿನಗೆ ನಾಚಿಕೆಯಾಗುವುದಿಲ್ಲವೇ?" ಎಂದು ಹೊಸ ಕಂಬಿ ಕೇಳಿತು.

"ಚಕ್ರ ನೆಲ ಬಿಡಬಾರದು. ಅದಕ್ಕಾಗಿ ಮಣಿಯುತ್ತೇನೆ," ಎಂದಿತು ಹಳೆಯ ಕಂಬಿ.

ಘಟ್ಟದ ರಸ್ತೆ ಮಂಜಿಗೆ ಒದ್ದೆಯಾಗಿತ್ತು. ಒಂದು ಕಡಿದಾದ ತಿರುವಿನಲ್ಲಿ ದೇಚಮ್ಮ ಸ್ಟೇರಿಂಗ್ ತಿರುಗಿಸಿದಳು. ಹೊಸ ಕಂಬಿ ಕೂದಲೆಳೆಯಷ್ಟೂ ಮಣಿಯಲಿಲ್ಲ. ಒಳಬದಿಯ ಹಿಂದಿನ ಚಕ್ರ ನೆಲ ಬಿಟ್ಟು ಎದ್ದಿತು. ಕಾರಿನ ಹಿಂಭಾಗ ಜಾರಿತು. ಕಾರು ಅರ್ಧ ಸುತ್ತು ತಿರುಗಿ, ಪ್ರಪಾತದ ಅಂಚಿನ ಕಟ್ಟೆಗೆ ತಾಗಿ ನಿಂತಿತು. ಹಿಂದಿನ ಸೀಟಿನಲ್ಲಿದ್ದ ಮಗಳು "ಅಮ್ಮಾ!" ಎಂದು ಚೀರಿದಳು.

"ನೋಡಿದೆಯಾ? ಇಷ್ಟಾದರೂ ನಾನು ನೆಟ್ಟಗಿದ್ದೇನೆ," ಎಂದಿತು ಹೊಸ ಕಂಬಿ.

"ನೀನು ನೆಟ್ಟಗಿದ್ದೀ. ಕಾರು ಮಾತ್ರ ಬಂದ ದಾರಿಗೇ ಮುಖ ಮಾಡಿ ನಿಂತಿದೆ," ಎಂದಿತು ಹಳೆಯದು.

ಮರುದಿನ ಗ್ಯಾರೇಜಿನಲ್ಲಿ ದೇಚಮ್ಮ, "ಗಟ್ಟಿಯಾದದ್ದು ಬೇಡ ಅಣ್ಣಾ, ಮುಂದಿನ ಕಂಬಿಗೆ ಹೊಂದುವುದನ್ನು ಹಾಕಿ," ಎಂದಳು. ಮೆಕ್ಯಾನಿಕ್ ದಪ್ಪ ಕಂಬಿಯನ್ನು ಬಿಚ್ಚಿ ಮೂಲೆಯ ಗೋಡೆಗೆ ಒರಗಿಸಿದ. ಅಲ್ಲಿ ಅದು ಯಾರಿಗೂ ಮಣಿಯಬೇಕಾಗಿರಲಿಲ್ಲ.