ಹಳ್ಳದಾಚೆ ಹೋದ ಗಾಣದೆತ್ತು

ಬನ್ನಿ, ಬನ್ನಿ, ಹತ್ತಿರ ಬನ್ನಿ. ಕಾಲು ಮಡಚಿ ಕೂತ್ಕೊಳ್ಳಿ. ನಡುವೆ ಎದ್ದು ಓಡಬಾರದು, ನೀರು ಗೀರು ಕೇಳಬಾರದು. ನಾನು ಹೇಳ್ತಾ ಹೋಗ್ತೀನಿ, ನೀವು ಹ್ಞೂಂ ಅಂತಿರಿ. ನಿಮ್ಮ ಹ್ಞೂಂ ನಿಂತರೆ ನನ್ನ ಬಾಯೂ ಅಲ್ಲೇ ನಿಲ್ಲುತ್ತೆ, ತಿಳೀತಾ?

ಒಂದೂರು. ಊರ ಪಕ್ಕ ಒಂದು ಹಳ್ಳ. ಹಳ್ಳದ ಈಚೆಗೆ ಒಬ್ಬ ದೊರೆ, ಆಚೆಗೆ ಇನ್ನೊಬ್ಬ ದೊರೆ. ಈಚೆ ದಡದಲ್ಲಿ ಒಂದು ಗಡಿಕಲ್ಲು. ಅಲ್ಲೇ ಸನಿಹದಲ್ಲಿ ಎಣ್ಣೆಗಾಣದ ಚನ್ನಾಜಮ್ಮನ ಮನೆ. ಗಂಡ ತೀರಿಕೊಂಡಿದ್ದ. ಅವಳಿಗಿದ್ದದ್ದು ಎರಡೇ. ಗಾಣ ತಿರುಗಿಸೋಕೆ ಕೆಂದ ಅನ್ನೋ ಎತ್ತು, ತಲೆ ತಿರುಗಿಸೋಕೆ ಬೋರ್ಲಿಂಗ ಅನ್ನೋ ಮಗ. ಎತ್ತಿಗೆ ಹೇಳದಿದ್ದರೂ ತಿಳೀತಿತ್ತು. ಮಗನಿಗೆ ಹೇಳಿದಷ್ಟೇ ತಿಳೀತಿತ್ತು, ಅದರಾಚೆ ಒಂದು ಕೂದಲೆಳೆಯೂ ಇಲ್ಲ!

ಆ ವರ್ಷ ಎಣ್ಣೆ ಬೆಲೆ ಏರಿತು. ದೊರೆ ಗಡ್ಡ ತುರಿಸಿಕೊಂಡ. "ನಮ್ಮ ಎಣ್ಣೆ ಆಚೆ ಹೋಗ್ತಿದೆ, ಅದಕ್ಕೇ! ಇನ್ನು ಮೇಲೆ ಎಣ್ಣೆ ಆಚೆ ಹೋಗಬಾರದು, ಎಳ್ಳು ಈಚೆ ಬರಬಾರದು!" ಅಂತ ಡಂಗುರ ಹೊಡೆಸಿದ. ಗಡಿಕಲ್ಲಿನ ಹತ್ತಿರ ಚಾವಡಿ ಕಟ್ಟಿಸಿ ಒಬ್ಬ ಸುಂಕದಯ್ಯನನ್ನ ಕೂರಿಸಿದ. ಎಳ್ಳೇ ಬರದಿದ್ದರೆ ಎಣ್ಣೆ ಎಲ್ಲಿಂದ ಬರುತ್ತೆ? ಬೆಲೆ ಇನ್ನೂ ಏರಿತು. ದೊರೆ ಚಾವಡಿಗೆ ಇನ್ನೊಂದು ಬಾಗಿಲು ಇಡಿಸಿದ. ಬೆಲೆ ಮತ್ತೂ ಏರಿತು. ನಾನು ಅಕ್ಷರ ಕಂಡವಳಲ್ಲ ಮಕ್ಕಳಾ, ಆದರೂ ಕೇಳ್ತೀನಿ. ಆ ದೊರೆ ಒಂದು ದಿನವಾದರೂ ಒಗ್ಗರಣೆ ಹಾಕಿದ್ದನಾ?

ನಿನ್ನೆವರೆಗೂ ಅಕ್ಕಪಕ್ಕದವರ ಕೊಡುಕೊಳ್ಳೋದು ಅಂತಿದ್ದದ್ದು ಡಂಗುರ ಹೊಡೆದ ಮಾರನೇ ದಿನ ಕಳ್ಳಸಾಗಣೆ ಆಯ್ತು. ಹೊಟ್ಟೆಗೆ ಡಂಗುರ ಕೇಳುತ್ತಾ? ಚನ್ನಾಜಮ್ಮ ಮಗನನ್ನ ಕರೆದಳು.

"ಲೋ ಬೋರ, ಆಚೆ ಊರಿನೋಳು ಎಳ್ಳು ತರ್ತಾಳೆ. ಈ ಎಣ್ಣೆ ಕುಡಿಕೆ ತಗೊಂಡು ಹೋಗು. ಹಳ್ಳ ದಾಟಬೇಡ. ಗಡಿಕಲ್ಲಿನ ಹತ್ತಿರವೇ ಕೊಟ್ಟು ಬಂದುಬಿಡು."

ಬೋರ್ಲಿಂಗ ಹೋದ. ನೋಡಿದ. ಹೆಂಗಸಿನ್ನೂ ಬಂದಿಲ್ಲ, ಕಲ್ಲೊಂದೇ ಇದೆ. ಕಲ್ಲಿನ ನೆತ್ತಿಗೆ ಎಣ್ಣೆ ಸುರಿದು ಬಂದ.

"ಕೊಟ್ಟೆಯೇನೋ?"

"ಕೊಟ್ಟೆ ಅಮ್ಮ. ಅಷ್ಟೂ ಕುಡೀತು!"

"ಕುಡೀತಾ? ಯಾವುದೋ ಕುಡಿದದ್ದು?"

"ಕಲ್ಲು!"

"ಅಯ್ಯೋ ನನ್ನ ಮಂಕುದಿಣ್ಣೆ! ಕಲ್ಲಿಗೆ ಯಾರಾದ್ರೂ ಕೊಡ್ತಾರೇನೋ? ಮನುಷ್ಯರು ಬರೋವರೆಗೂ ತೆಪ್ಪಗೆ ಕೂತಿರಬೇಕು. ಬಂದವರಿಗೆ ನಗುನಗುತಾ ಕೊಡಬೇಕು. ನಾಲ್ಕು ಒಳ್ಳೆ ಮಾತಾಡಿ ಕಳಿಸಬೇಕು!"

"ಹಂಗೇ ಆಗಲಮ್ಮ."

ಶನಿವಾರ ಚನ್ನಾಜಮ್ಮ ಸೌದೆಗೆ ಹೋಗಿದ್ದಳು. ಬೋರ್ಲಿಂಗ ಜಗಲಿ ಮೇಲೆ ತೆಪ್ಪಗೆ ಕೂತಿದ್ದ. ಆಗ ಬಂದ ಮೀಸೆ ಗಿರಿಯ. ಈಚೆ ದನ ಆಚೆಗೆ, ಆಚೆ ದನ ಈಚೆಗೆ ಹೊಡೆಯೋದೇ ಅವನ ಕಸುಬು.

"ಯಾರಪ್ಪ ಮನೇಲಿ?"

"ನಾನೇ. ನೀನು ಮನುಷ್ಯನಾ?"

"ನೋಡಿದರೆ ಗೊತ್ತಾಗಲ್ವೇನೋ?"

"ಸರಿ, ಏನು ಬೇಕಣ್ಣ?"

ಗಿರಿಯ ತಮಾಷೆಗೆ ಅಂದ, "ಎತ್ತು!"

"ತಗೋ ಅಣ್ಣ, ತಗೋ!" ಬೋರ್ಲಿಂಗ ಹಲ್ಲು ಕಿಸಿದು ಹಗ್ಗ ಬಿಚ್ಚಿ ಕೈಗಿಟ್ಟ. ದಾರಿಗೆ ಇರಲಿ ಅಂತ ಹಿಂಡಿ ಕೊಟ್ಟ. "ಬಿಸಿಲಿದೆ, ನಿಧಾನ ಹೋಗಣ್ಣ. ಮನೇಲಿ ಎಲ್ಲರನ್ನೂ ಕೇಳಿದೆ ಅನ್ನು!" ಅಂದ. ಪಾಪ, ಗಿರಿಯ ಹೋಗ್ತಾ ಹೋಗ್ತಾ ಮೂರು ಸಲ ತಿರುಗಿ ನೋಡಿದ. ಕದ್ದು ರೂಢಿಯೇ ಹೊರತು ಮರ್ಯಾದೆ ಮಾಡಿಸಿಕೊಂಡು ರೂಢಿ ಇರಲಿಲ್ಲ.

ಚನ್ನಾಜಮ್ಮ ಬಂದು ನೋಡ್ತಾಳೆ, ಗೂಟ ಇದೆ, ಎತ್ತಿಲ್ಲ. ವಿಷಯ ಕೇಳಿ ಎದೆ ಎದೆ ಬಡಕೊಂಡಳು.

"ಮಂಗಳವಾರ ಆಚೆ ಊರಲ್ಲಿ ದನದ ಸಂತೆ! ಅಲ್ಲಿ ಮಾರಿದರೆ ಕೆಂದ ಇನ್ನೆಲ್ಲಿ ಸಿಗ್ತಾನೋ? ಎತ್ತಿಲ್ಲದೆ ಗಾಣ ಇಲ್ಲ, ಗಾಣ ಇಲ್ಲದೆ ಗಂಜಿ ಇಲ್ಲ! ಪರರು ನಮ್ಮ ವಸ್ತುವಿಗೆ ಕೈ ಹಾಕಿದರೆ 'ಕಳ್ಳ! ಕಳ್ಳ!' ಅಂತ ಊರೇ ಸೇರೋ ಹಂಗೆ ಕೂಗಬೇಕು ಕಣೋ!"

"ಹಂಗೇ ಆಗಲಮ್ಮ."

ಅವಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ತಾನೇ ಹಳ್ಳ ದಾಟಿ ಓಡಿದಳು. "ಕಳವಾದದ್ದು ನಿಮ್ಮ ಕಡೆ, ಅಲ್ಲೇ ಹೇಳು," ಅಂದರು ಆ ಕಡೆ ಕಾವಲಿನವರು. ಭಾನುವಾರ ಮಗನ ಕೈಗೆ ಎಳ್ಳುಂಡೆ ಗಂಟು ಕೊಟ್ಟು, "ಹಸಿವಾದರೆ ತಿನ್ನು. ಸುಂಕದಯ್ಯನಿಗೆ ದೂರು ಹೇಳು," ಅಂತ ಅಟ್ಟಿದಳು.

ಸುಂಕದಯ್ಯ ದೂರು ಕೇಳೋ ಮೊದಲೇ ಗಂಟಿಗೆ ಕೈ ಹಾಕಿದ. "ಎಳ್ಳಿನ ಪದಾರ್ಥ! ಜಪ್ತಿ!"

"ಕಳ್ಳ! ಕಳ್ಳ! ಓಡಿ ಬನ್ನಿ!"

ಊರಿಗೆ ಊರೇ ಓಡಿ ಬಂತು. "ಎಲ್ಲೋ ಕಳ್ಳ?"

"ಇಲ್ಲೇ! ಕೈ ಇನ್ನೂ ಗಂಟೊಳಗೇ ಇದೆ!"

ಹೆಂಗಸರು ಸೆರಗು ಬಾಯಿಗಿಟ್ಟರು. ಗಂಡಸರು ಆಕಾಶ ನೋಡಿದರು. ಸುಂಕದಯ್ಯ ಕೆಂಪಗಾದ. ಬೋರ್ಲಿಂಗ ಎತ್ತಿನ ದೂರು ಹೇಳಿದ್ದೇ ತಡ, "ಎತ್ತು ಗಡಿ ದಾಟಿತಲ್ಲ, ಅದು ನನ್ನ ಕೆಲಸ ಅಲ್ಲ. ತೊಲಗು!" ಅಂತ ಕತ್ತು ಹಿಡಿದು ನೂಕಿದ.

ತಾಯಿ ತಲೆ ಚಚ್ಚಿಕೊಂಡಳು. "ಅಧಿಕಾರದವರನ್ನ ಹಂಗಂತಾರೇನೋ? ನಾಳೆ ದೊರೆಯೇ ಚಾವಡಿ ನೋಡೋಕೆ ಬರ್ತಾನಂತೆ. ಕೈ ಮುಗಿದು, ಅವರೇನೇ ಅಂದರೂ 'ಹೌದು ಬುದ್ಧಿ' ಅನ್ನು!"

"ಹಂಗೇ ಆಗಲಮ್ಮ."

ಸೋಮವಾರ ದೊರೆ ಬಂದ. ಬೋರ್ಲಿಂಗ ಕೈ ಮುಗಿದು ನಿಂತ.

"ಏನಯ್ಯಾ, ಚಾವಡಿ ಬಂದ ಮೇಲೆ ಗಡೀಲಿ ಕಳ್ಳತನ ನಿಂತಿದೆಯಲ್ವಾ?"

"ಹೌದು ಬುದ್ಧಿ."

"ಎಣ್ಣೆ ಅಗ್ಗ ಆಗಿದೆಯಲ್ವಾ?"

"ಹೌದು ಬುದ್ಧಿ."

"ಯಾರೋ ಎತ್ತು ಕಳಕೊಂಡರು ಅಂತ ಸುದ್ದಿ ಬಂತು. ಸುಳ್ಳಲ್ವಾ?"

"ಹೌದು ಬುದ್ಧಿ!"

ದೊರೆ ಉಬ್ಬಿಹೋದ. "ನೋಡಿ, ಪ್ರಜೆಯೇ ಹೇಳ್ತಿದ್ದಾನೆ!" ಅಂತ ಬರೆಸಿಕೊಂಡ, ಬೋರ್ಲಿಂಗನ ಕೊರಳಿಗೆ ಚೆಂಡುಹೂವಿನ ಹಾರ ಹಾಕಿಸಿ ಹೋದ.

ಮಗ ಹಾರ ಹಾಕ್ಕೊಂಡು ಬಂದದ್ದು ಕಂಡು ತಾಯಿ, ಎತ್ತೇ ಬಂತು ಅಂತ ಅಂಗಳಕ್ಕೆ ಓಡಿದಳು. ಅಂಗಳ ಖಾಲಿ!

"ಸಾಕಪ್ಪಾ! ನಿನ್ನ ಬಾಯಿಂದಲೇ ಹಾಳು! ನಾಳೆ ನೀನೇ ಸಂತೆಗೆ ಹೋಗು. ಕೆಂದ ಕಂಡರೆ ಹಗ್ಗ ಹಿಡಿ. ಯಾರು ಏನೇ ಕೇಳಲಿ, ಬಾಯಿ ಬಿಡಬೇಡ. ಹಿಂದೆ ತಿರುಗಿ ನೋಡಬೇಡ. ನೆಟ್ಟಗೆ ಮನೆಗೆ ಬಾ!"

ಮಂಗಳವಾರ. ಸಂತೆಯಲ್ಲಿ ಗಿರಿಯ ಕೆಂದನನ್ನ ಮರಕ್ಕೆ ಕಟ್ಟಿ, ಬೆನ್ನು ತಿರುಗಿಸಿ ಕೂತು ಮಂಡಕ್ಕಿ ತಿಂತಿದ್ದ. ಬೋರ್ಲಿಂಗ ಉದ್ದನೆ ಹಗ್ಗ ಬಿಚ್ಚಿದ, ಹಗ್ಗದ ನಡುಭಾಗ ಹಿಡಿದ, ನಡೆದ. ಬಾಯಿ ಬಿಡಲಿಲ್ಲ, ತಿರುಗಿ ನೋಡಲಿಲ್ಲ. ಹಳ್ಳ ದಾಟಿದ. ಚಾವಡಿ ಬಂತು.

"ನಿಲ್ಲೋ! ಎತ್ತಿಗೆ ಸುಂಕ ಕಟ್ಟು!"

ಬೋರ್ಲಿಂಗ ಬಾಯಿ ಬಿಡಲಿಲ್ಲ.

"ಕಿವಿ ಕೇಳಲ್ವಾ?"

ತಿರುಗಿಯೂ ನೋಡಲಿಲ್ಲ.

ನೆಲದಲ್ಲಿ ಎಳೀತಿದ್ದ ಹಗ್ಗದ ತುದಿ ಹಿಡಿದು ಸುಂಕದಯ್ಯ ತನ್ನ ಸೊಂಟಕ್ಕೆ ಸುತ್ತಿಕೊಂಡು ಜಗ್ಗಿದ. ಮನೆ ವಾಸನೆ ಹಿಡಿದ ಕೆಂದ ನಿಲ್ತಾನಾ? ಬಿದ್ದು ಎದ್ದು, ಬಿದ್ದು ಎದ್ದು, ಸುಂಕದಯ್ಯನೂ ಅಂಗಳಕ್ಕೆ ಬಂದ. ಅಷ್ಟರಲ್ಲಿ ಅವನಿಗೆ ಮಾತಾಡೋಕೂ ಉಸಿರಿಲ್ಲ.

ಕೆಂದನ ಕೊರಳ ಗಂಟೆ ಸದ್ದು ಕೇಳಿ ಚನ್ನಾಜಮ್ಮ ಒಳಗಿಂದಲೇ ಕೂಗಿದಳು. "ಬಂದೆಯಾ ನನ್ನಪ್ಪಾ! ಎಳ್ಳು ತರ್ತೀನಿ, ಹಗ್ಗದ ತುದಿಯಲ್ಲಿರೋದನ್ನ ಗಾಣಕ್ಕೆ ಹೂಡು!"

ಬೋರ್ಲಿಂಗ ಹಗ್ಗದ ಈ ತುದಿ ನೋಡಿದ, ಕೆಂದ ಇದ್ದ. ಆ ತುದಿ ನೋಡಿದ, ಸುಂಕದಯ್ಯ ಇದ್ದ. ಕೆಂದನಿಗೆ ದಣಿವಾಗಿತ್ತು, ಹುಲ್ಲು ಹಾಕಿ ಕಟ್ಟಿದ. ಸುಂಕದಯ್ಯನ ಕಣ್ಣಿಗೆ ಬಟ್ಟೆ ಕಟ್ಟಿ ಗಾಣಕ್ಕೆ ಹೂಡಿದ, "ಹೋ ಹೋ!" ಅಂದ, ಬೆನ್ನು ತಟ್ಟಿದ. ಸುಂಕದಯ್ಯ ಸುತ್ತಿದ. ಊರು ಸೇರಿತು.

ಆಗ ಓಡಿ ಬಂದ ಗಿರಿಯ. ಯಾರನ್ನೂ ನೋಡದೆ ಸುಂಕದಯ್ಯನ ಹಿಂದೆ ಹಿಂದೆಯೇ ಗಾಣ ಸುತ್ತುತ್ತಾ ಗೋಳಾಡಿದ. "ಏನು ಸ್ವಾಮಿ ಇದು! ದಾಟಿಸಿದ ಎತ್ತಿಗೊಂದು ಕೊಡ ಎಣ್ಣೆ ನಿಮ್ಮ ಚಾವಡಿಗೆ ತಪ್ಪದೆ ಇಳಿಸಿದ್ದೀನಿ. ನನ್ನ ಎತ್ತು ಹೋಗೋಕೆ ಬಿಡಬಹುದಾ?"

ಗಾಣ ನಿಂತಿತು. ಊರಿನವರೆಲ್ಲ ಚಾವಡಿಗೆ ಓಡಿದರು. ನೆಲಮಾಳಿಗೆ ತುಂಬಾ ಎಣ್ಣೆ ಕೊಡಗಳು!

ಇನ್ನು ಯಾರು ಏನಾದರು ಅಂದರೆ, ಗಿರಿಯನನ್ನ ಊರಿನವರು ದನ ಮೇಯಿಸೋಕೆ ಹಾಕಿದರು. ಅವನ ಕಣ್ಣು ತಪ್ಪಿಸಿ ಒಂದು ಕರು ಹೋಗಲಿ ನೋಡೋಣ! ಸುಂಕದಯ್ಯ ಊರು ಬಿಟ್ಟ. ನೆಟ್ಟಗಿನ ದಾರಿಯಲ್ಲೂ ಎಡಕ್ಕೆ ಎಡಕ್ಕೆ ಎಳಕೊಂಡು, ಹೊರಟಲ್ಲಿಗೇ ಬಂದು ನಿಲ್ತಾನಂತೆ. ಕೊಡಗಳು ಹೊರಗೆ ಬಂದು ಎಣ್ಣೆ ಅಗ್ಗ ಆಯ್ತು. ದೊರೆ ಅದು ತನ್ನ ಚಾವಡಿಯ ಮಹಿಮೆ ಅಂತ ಡಂಗುರ ಹೊಡೆಸಿದ. ಜೊತೆಗೆ, ಅಧಿಕಾರಿಗಳನ್ನ ಗಾಣಕ್ಕೆ ಹೂಡಬಾರದು ಅಂತ ಇನ್ನೊಂದು ಕಟ್ಟಳೆ ಮಾಡಿದ. ಕೆಂದ ಮುದುಕನಾಗುವವರೆಗೂ ಗಾಣ ಸುತ್ತಿದ.

ಚನ್ನಾಜಮ್ಮ ಮಗನಿಗೆ ಕಡೇ ಮಾತು ಹೇಳಿದಳು. "ಇನ್ನು ಮೇಲೆ ಏನೇ ಮಾಡೋಕೂ ಮೊದಲು ನನ್ನ ಕೇಳು." ಅವತ್ತಿಂದ ಪಾಪ, ಅವಳಿಗೆ ನಿದ್ದೆ ಹತ್ತೋ ಹೊತ್ತಿಗೆ ಸರಿಯಾಗಿ ಪಕ್ಕದ ಚಾಪೆಯಿಂದ ದನಿ ಬರುತ್ತೆ.

"ಅಮ್ಮಾ, ಮಲಗಿದ್ದೀನಿ. ಈಗ ಕಣ್ಣು ಮುಚ್ಚಲಾ?"